ಮಗು ಬಂತು, ಬಾಕಿ ಉಳಿಯಿತು

ವಿಶಾಖಪಟ್ಟಣದಿಂದ ಅರಕು ಕಡೆಗೆ ಹೊರಟವರಿಗೆ ಪೆಂದುರ್ತಿ ಗೊತ್ತು. ಹೌರಾ–ಚೆನ್ನೈ ರೈಲುಮಾರ್ಗದಲ್ಲಿ ಸಿಂಹಾಚಲಕ್ಕೂ ಕೊತ್ತವಲಸಕ್ಕೂ ನಡುವೆ ಇರುವ ಈ ಊರು ಇಂದು ಮಹಾನಗರದೊಳಗೇ ಸೇರಿಹೋಗಿದೆ. ನೌಕಾಪಡೆಯ ಪೂರ್ವ ಕಮಾಂಡ್, ಬಂದರು, ಹಡಗು ಕಟ್ಟುವ ಕಾರ್ಖಾನೆ, ಉಕ್ಕಿನ ಕಾರ್ಖಾನೆ ಎಲ್ಲವೂ ಇಲ್ಲಿಂದ ದಿನನಿತ್ಯ ಹೋಗಿಬರುವಷ್ಟು ದೂರದಲ್ಲಿವೆ. ಕೆಲಸ ಹುಡುಕಿಕೊಂಡು ಕನ್ನಡದ ಸಂಸಾರಗಳೂ ಈ ಕಡಲ ಕಡೆಗೆ ಬರುತ್ತವೆ. ಕೆಲವು ಇಲ್ಲೇ ಬೇರು ಬಿಡುತ್ತವೆ, ಕೆಲವು ಮುರಿದು ಅರ್ಧ ಊರಿಗೆ ಮರಳುತ್ತವೆ.

ಅಂಥ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಹೆಸರು ಬೇಡ, ಇದು ಯಾರೋ ಒಬ್ಬರದೇ ಕಥೆಯಲ್ಲ. ಗಂಡ ಪೆಂದುರ್ತಿಯಲ್ಲಿ ಬಾಡಿಗೆ ಮನೆಯಲ್ಲಿದ್ದಾನೆ. ಹೆಂಡತಿ ಮಗನನ್ನು ಕರೆದುಕೊಂಡು ತುಮಕೂರಿನ ತವರಿಗೆ ಬಂದಿದ್ದಾಳೆ. 2021ರ ಜೂನ್‌ನಿಂದ ಹುಡುಗನ ಪಾಲನೆಗೆ ತಿಂಗಳಿಗೆ 6,000 ರೂಪಾಯಿ ಕೊಡಬೇಕೆಂದು ನ್ಯಾಯಾಲಯದ ಆದೇಶವಾಗಿದೆ. ತಂದೆ ಕೊಡಲಿಲ್ಲ. ಇಪ್ಪತ್ತಾರು ತಿಂಗಳು ಹಾಗೆಯೇ ಕಳೆದವು. 2023ರ ಆಗಸ್ಟ್‌ನಲ್ಲಿ ಹುಡುಗನನ್ನು ತಂದೆಯ ಸುಪರ್ದಿಗೆ ಕೊಡಬೇಕೆಂದು ತೀರ್ಮಾನವಾಯಿತು. ಬೆಂಗಳೂರಿನಿಂದ ವಿಜಯವಾಡದ ಮೇಲೆ ವಿಶಾಖಪಟ್ಟಣ ಮುಟ್ಟುವ ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿ ಹುಡುಗ ಅಪ್ಪನ ಮನೆಗೆ ಬಂದ. ಬಾಕಿ 1,56,000 ರೂಪಾಯಿ ಹಿಂದೆ ಉಳಿಯಿತು.

ಈಗ ಅಪ್ಪನ ಕಡೆಯವರು ಹೇಳುವ ಮಾತು ಎಲ್ಲರಿಗೂ ಗೊತ್ತಿರುವಂಥದ್ದೇ. ‘ಮಗು ನಮ್ಮ ಹತ್ತಿರವೇ ಬಂತಲ್ಲ, ಇನ್ನು ಅವಳಿಗೆ ಯಾತಕ್ಕೆ ದುಡ್ಡು?’ ಊರ ಹಿರಿಯರು ಕೂತು ರಾಜಿ ಮಾಡಿಸುವಾಗಲೂ ಇದೇ ಧಾಟಿ: ಮಗು ಅಪ್ಪನಿಗೆ, ಬಾಕಿ ಮನ್ನಾ, ಎಲ್ಲ ಸರಿಹೋಯಿತು. ಕೇಳುವುದಕ್ಕೆ ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಆ ಇಪ್ಪತ್ತಾರು ತಿಂಗಳು ಹುಡುಗ ಊಟ ಮಾಡಿದ್ದಾನೆ, ಶಾಲೆಗೆ ಹೋಗಿದ್ದಾನೆ, ಜ್ವರ ಬಂದಾಗ ಔಷಧಿ ಕುಡಿದಿದ್ದಾನೆ. ಆ ಹಣ ಎಲ್ಲಿಂದಲೋ ಬಂದಿದೆ. ತಾಯಿ ಸರ ಅಡವಿಟ್ಟಿರಬಹುದು, ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿರಬಹುದು, ಅಜ್ಜನ ಪಿಂಚಣಿ ಕರಗಿರಬಹುದು. ಹುಡುಗ ಪೆಂದುರ್ತಿಗೆ ಬಂದ ಮಾತ್ರಕ್ಕೆ ತುಮಕೂರಿನ ಆ ಸಾಲ ತೀರುವುದಿಲ್ಲ.

ಕಾನೂನೂ ಬಹುಮಟ್ಟಿಗೆ ಇದನ್ನೇ ಹೇಳುತ್ತದೆ. ಕನ್ನಡದ ಜೀವನಾಂಶಕ್ಕೆ ತೆಲುಗಿನಲ್ಲಿ ಮನೋವರ್ತಿ ಎನ್ನುತ್ತಾರೆ, ಭರಣಂ ಎಂದೂ ಅನ್ನುವುದುಂಟು. ಹೆಸರು ಯಾವುದಾದರೂ ಹಿಂದಿರುವ ಕಾನೂನು ಒಂದೇ. ಐವತ್ತು ವರ್ಷ 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಸೆಕ್ಷನ್ ಎಂದು ಜನರ ಬಾಯಲ್ಲಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಸೆಕ್ಷನ್ ಆಗಿದೆ. ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದ ಅದಕ್ಕಿಲ್ಲ. ಮುಸ್ಲಿಂ ದಂಪತಿಗಳ ಮಕ್ಕಳಿಗೂ ಈ ಹಕ್ಕು ಪ್ರಾಯಕ್ಕೆ ಬರುವವರೆಗೆ ಇದೆ ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ಸ್ಪಷ್ಟಪಡಿಸಿತು. ಮೊದಲು ಈ ಸೆಕ್ಷನ್ನಿನಲ್ಲಿ ತಿಂಗಳಿಗೆ 500 ರೂಪಾಯಿಯ ಮಿತಿಯಿತ್ತು. ಎಷ್ಟೇ ಸಂಬಳ ಬರುವ ತಂದೆಯಾದರೂ ಮಗುವಿನ ಪಾಲಿಗೆ ಅಷ್ಟೇ! 2001ರ ತಿದ್ದುಪಡಿ ಆ ಮಿತಿಯನ್ನು ಕಿತ್ತುಹಾಕಿತು.

ಜೀವನಾಂಶ ತಿಂಗಳು ತಿಂಗಳಿಗೆ ಹುಟ್ಟುವ ಹೊಣೆ. ಆಯಾ ತಿಂಗಳು ಕಳೆದೊಡನೆ ಆ ತಿಂಗಳ ಮೊತ್ತ ಸಲ್ಲಬೇಕಾದ ಹಣವಾಗುತ್ತದೆ. ಸುಪರ್ದಿ ಬದಲಾದದ್ದು ಆಗಸ್ಟ್‌ನಲ್ಲಿ. ಜುಲೈವರೆಗಿನ ಹಣ ಅದಕ್ಕೂ ಮೊದಲೇ ಸಂದಾಯವಾಗಬೇಕಿತ್ತು. ಮಕ್ಕಳ ಸುಪರ್ದಿಯ ಆದೇಶ ಕೊನೆಯ ಮಾತಲ್ಲ, ಮಗುವಿನ ಹಿತ ಬೇಡಿದರೆ ಬದಲಾಗಬಹುದು ಎಂದು 1973ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆ ಬದಲಾವಣೆಯ ನೋಟವೆಲ್ಲ ಮುಂದಿನ ದಿನಗಳ ಮೇಲೆ. ಕಳೆದ ತಿಂಗಳುಗಳ ಲೆಕ್ಕವನ್ನು ಅದು ಅಳಿಸುವುದಿಲ್ಲ.

ಬಾಕಿಯನ್ನು ವಸೂಲಿ ಮಾಡುವುದು ಮಾತ್ರ ಬೇರೆಯೇ ಕಷ್ಟ. ಇಲ್ಲಿ ತಾಯಂದಿರು ತಿಳಿಯದೆ ಕಳೆದುಕೊಳ್ಳುವುದು ಹೆಚ್ಚು. ಮ್ಯಾಜಿಸ್ಟ್ರೇಟರು ವಾರಂಟ್ ಹೊರಡಿಸಬೇಕಾದರೆ ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಬಿದ್ದಿರಬೇಕು. ನಮ್ಮ ಕಲ್ಪನೆಯ ತಾಯಿ ಮಗ ಹೋದ ಮೇಲೆ, 2023ರ ಆಗಸ್ಟ್‌ನಲ್ಲಿ ಎಚ್ಚೆತ್ತು ಅರ್ಜಿ ಹಾಕಿದಳು ಎನ್ನೋಣ. ಹನ್ನೆರಡು ತಿಂಗಳ 72,000 ರೂಪಾಯಿಗೆ ಈ ದಾರಿ ತೆರೆದಿದೆ. ಅದಕ್ಕಿಂತ ಹಿಂದಿನ ಹದಿನಾಲ್ಕು ತಿಂಗಳ 84,000 ಏನಾಯಿತು? ಮುಳುಗಿಹೋಯಿತು ಎಂದೇ ಎಷ್ಟೋ ಜನ ಕೈಚೆಲ್ಲುತ್ತಾರೆ. ತಮಿಳುನಾಡಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಈ ತಪ್ಪು ತಿಳಿವಳಿಕೆಯನ್ನು ತಿದ್ದಿತು. ಒಂದು ವರ್ಷದ ಗಡುವು ವಾರಂಟ್ ಎಂಬ ಚುರುಕಿನ ದಾರಿಗೆ ಮಾತ್ರ ಅನ್ವಯಿಸುತ್ತದೆ, ಹಣದ ಮೇಲಿನ ಹಕ್ಕು ಅದರಿಂದ ಸಾಯುವುದಿಲ್ಲ, ಸಿವಿಲ್ ದಾರಿ ತೆರೆದೇ ಇರುತ್ತದೆ ಎಂದಿತು. ಆದೇಶ ಹಿಂದೂ ವಿವಾಹ ಕಾಯ್ದೆಯಡಿ ಸಿವಿಲ್ ನ್ಯಾಯಾಲಯದಿಂದ ಬಂದಿದ್ದರೆ, ಪ್ರತಿ ಕಂತು ತಪ್ಪಿದ ದಿನದಿಂದ ಹನ್ನೆರಡು ವರ್ಷದವರೆಗೆ ಅಮಲ್ಜಾರಿ ಅರ್ಜಿ ಹಾಕುವುದಕ್ಕೆ ಅವಕಾಶವಿದೆ.

ಇದಕ್ಕೂ ಎಂಟು ವರ್ಷ ಮೊದಲು, 2005ರಲ್ಲಿ, ಕರ್ನಾಟಕದ ಒಬ್ಬ ತಾಯಿ ಮತ್ತು ಮಗಳ ಪ್ರಕರಣ ದೆಹಲಿ ಮುಟ್ಟಿತ್ತು. ಅವರು ಬಾಕಿಗಾಗಿ ಸಕಾಲದಲ್ಲೇ ಅರ್ಜಿ ಹಾಕಿದ್ದರು. ಅದು ಇತ್ಯರ್ಥವಾಗದೆ ವರ್ಷಗಟ್ಟಲೆ ಉಳಿದಾಗ, ಆ ನಡುವೆ ಬೆಳೆದ ಬಾಕಿಯನ್ನೂ ಅದೇ ಅರ್ಜಿಯಲ್ಲಿ ಸೇರಿಸಿ ಕೇಳಿದರು. ಅವಧಿ ಮೀರಿದೆ ಎಂದು ಹೈಕೋರ್ಟ್ ಒಪ್ಪಲಿಲ್ಲ. ಜೀವನಾಂಶ ನಿರಂತರ ಹೊಣೆ, ಪ್ರತಿ ಬಾರಿ ಹೊಸ ಅರ್ಜಿ ಹಾಕು ಎಂದು ಹೆಣ್ಣುಮಗಳನ್ನು ಅಲೆಸುವುದು ಈ ಕಾನೂನಿನ ಉದ್ದೇಶಕ್ಕೇ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಅವರ ಕೈ ಹಿಡಿಯಿತು. ಮೊದಲ ಅರ್ಜಿ ಬೇಗ ಬಿದ್ದರೆ ಅದು ಎಷ್ಟು ಕಾಲ ಕಾಪಾಡಬಲ್ಲದು ಎಂಬುದು ಇದರಿಂದ ಗೊತ್ತಾಗುತ್ತದೆ.

ವಾರಂಟ್ ಬಂದರೂ ಕೊಡದವನನ್ನು ಒಂದು ತಿಂಗಳವರೆಗೆ ಸೆರೆಯಲ್ಲಿಡಬಹುದು. ‘ಜೈಲಿಗೆ ಹೋಗಿ ಬಂದರೆ ಬಾಕಿ ತೀರಿತು’ ಎಂಬ ಮಾತು ಹಳ್ಳಿಯಿಂದ ನಗರದವರೆಗೆ ಕೇಳಿಬರುತ್ತದೆ. ಅದು ಸುಳ್ಳು. 1989ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಖಂಡಿತವಾದ ಉತ್ತರ ಕೊಟ್ಟಿದೆ: ಸೆರೆ ಎನ್ನುವುದು ಹಣ ಹೊರಡಿಸುವ ಒಂದು ಒತ್ತಡ, ಹಣಕ್ಕೆ ಬದಲಿಯಲ್ಲ. ಹಣ ಕೊಟ್ಟಾಗಲೇ ಹೊಣೆ ಇಳಿಯುವುದು.

ದೂರದ ಊರೂ ಅಡ್ಡಿಯಾಗಬೇಕಿಲ್ಲ. ತುಮಕೂರಿನಲ್ಲಿ ಆದ ಆದೇಶವನ್ನು ತಂದೆ ಇರುವ ಜಾಗದ ಮ್ಯಾಜಿಸ್ಟ್ರೇಟರು ಜಾರಿ ಮಾಡಬಹುದು. ಹಳೆಯ ಸಂಹಿತೆಯ 128, ಹೊಸದರ 147ನೆಯ ಸೆಕ್ಷನ್ ಇದಕ್ಕಾಗಿಯೇ ಇರುವುದು. ಆದೇಶದ ಪ್ರತಿಯನ್ನು ಉಚಿತವಾಗಿ ಕೊಡಬೇಕೆಂದೂ ಅದೇ ಸೆಕ್ಷನ್ ಹೇಳುತ್ತದೆ. ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. 15100 ಎಂಬ ಸಹಾಯವಾಣಿ ಕನ್ನಡನಾಡಿನಲ್ಲೂ ಆಂಧ್ರದಲ್ಲೂ ಒಂದೇ.

ಸಂಬಳದ ಜಪ್ತಿಯ ವಿಚಾರದಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಸೆಕ್ಷನ್ ತೋರುವ ಭೇದ ಮನಸ್ಸಿಗೆ ತಟ್ಟುವಂಥದ್ದು. ಸಾಮಾನ್ಯ ಸಾಲದ ಡಿಕ್ರಿಯಾದರೆ ಮೊದಲ 1,000 ರೂಪಾಯಿಯನ್ನೂ ಉಳಿದದ್ದರ ಮೂರರಲ್ಲಿ ಎರಡು ಪಾಲನ್ನೂ ಮುಟ್ಟುವಂತಿಲ್ಲ. ಜೀವನಾಂಶದ ಡಿಕ್ರಿಯಾದರೆ ರಕ್ಷಣೆ ಇರುವುದು ಮೂರರಲ್ಲಿ ಒಂದು ಪಾಲಿಗೆ ಮಾತ್ರ. ಸಾಲ ಕೊಟ್ಟ ಸಾಹುಕಾರನಿಗಿಂತ ಹೊಟ್ಟೆಯ ಹಸಿವಿಗೆ ಕಾನೂನು ಹೆಚ್ಚು ಮರ್ಯಾದೆ ಕೊಟ್ಟಿದೆ. ವಿಶಾಖಪಟ್ಟಣದಲ್ಲಿ ಇನ್ನೊಂದು ತೊಡಕೂ ಎದುರಾಗುತ್ತದೆ. ತಂದೆ ನೌಕಾಪಡೆಯವನಾದರೆ 1957ರ ನೌಕಾ ಕಾಯ್ದೆಯ 31ನೆಯ ಸೆಕ್ಷನ್ ಬರುತ್ತದೆ. ಹೆಂಡತಿ ಮಕ್ಕಳನ್ನು ಸಾಕುವ ಹೊಣೆ ಉಳಿದವರಷ್ಟೇ ಅವನಿಗೂ ಇದೆ. ಆದರೆ ಡಿಕ್ರಿಯನ್ನು ಅವನ ದೇಹದ ಮೇಲಾಗಲಿ ಸಂಬಳದ ಮೇಲಾಗಲಿ ನೇರವಾಗಿ ಜಾರಿ ಮಾಡುವಂತಿಲ್ಲ. ಸಂಬಳದಿಂದ ಮುರಿದುಕೊಡುವ ಆದೇಶ ಇಲಾಖೆಯ ಮೇಲಿನಿಂದಲೇ ಬರಬೇಕು. ಇದನ್ನರಿಯದೆ ನ್ಯಾಯಾಲಯದ ಮೆಟ್ಟಿಲನ್ನೇ ಮತ್ತೆ ಮತ್ತೆ ಹತ್ತಿದರೆ ಕಾಲ ವ್ಯರ್ಥ.

ತಂದೆಯ ಕಡೆಯಿಂದಲೂ ಈ ಕಥೆಯನ್ನು ನೋಡಬೇಕು. ಮಗ ಆಗಸ್ಟ್‌ನಲ್ಲೇ ಬಂದ. ಹುಡುಗನನ್ನು ಶಾಲೆಗೆ ಸೇರಿಸುವ ಗಡಿಬಿಡಿಯಲ್ಲಿ ತಂದೆಗೆ ಹಳೆಯ ಆದೇಶ ಮರೆತೇಹೋಯಿತು. ಹತ್ತು ತಿಂಗಳ ನಂತರ, 2024ರ ಜೂನ್‌ನಲ್ಲಿ, ವಕೀಲರ ಹತ್ತಿರ ಹೋದಾಗ ಗೊತ್ತಾಯಿತು: ಕಾಗದದ ಮೇಲೆ ಇನ್ನೂ 60,000 ರೂಪಾಯಿ ಸೇರಿಕೊಂಡಿದೆ! ಮಗು ತನ್ನ ಮನೆಯಲ್ಲೇ ಉಣ್ಣುತ್ತಿದ್ದರೂ ಆದೇಶ ತಾನಾಗಿ ನಿಲ್ಲುವುದಿಲ್ಲ. ಪರಿಸ್ಥಿತಿ ಬದಲಾದರೆ ಮೊತ್ತ ಬದಲಿಸಿ ಎಂದು ಕೇಳಲು, ಇನ್ನೊಂದು ಸಿವಿಲ್ ನ್ಯಾಯಾಲಯದ ತೀರ್ಮಾನದಿಂದಾಗಿ ಹಳೆಯ ಆದೇಶ ರದ್ದಾಗಬೇಕಿದ್ದರೆ ರದ್ದು ಮಾಡಿಸಲು, ಆಗ 127ನೆಯ ಸೆಕ್ಷನ್ ಇತ್ತು. ಈಗ ಅದೇ 146. ಸುಪರ್ದಿಯ ಕಡತ ಒಂದು ಕಡೆ, ಜೀವನಾಂಶದ ಕಡತ ಇನ್ನೊಂದು ಕಡೆ ಇದ್ದರೆ ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟಿಸುವ ಹೊಣೆ ಪಕ್ಷಗಾರರದೇ. ಈ ಹತ್ತು ತಿಂಗಳ ಹಣವನ್ನು ತಾಯಿ ಕೇಳಿದರೆ ನ್ಯಾಯಾಧೀಶರು ಕಣ್ಣುಮುಚ್ಚಿ ಕೊಡಿಸಬೇಕಾಗಿಲ್ಲ. ಸಾಕಷ್ಟು ಕಾರಣವಿಲ್ಲದೆ ಕೊಡದವನನ್ನು ಮಾತ್ರ ಕಾನೂನು ದಂಡಿಸುತ್ತದೆ, ಮಗುವನ್ನು ತಾನೇ ಸಾಕುತ್ತಿದ್ದದ್ದು ಕಾರಣವೇ. ಆದರೂ ಅದನ್ನು ಸಾಬೀತು ಮಾಡುವ ಓಡಾಟ ತಪ್ಪುವುದಿಲ್ಲ. ಆಗಸ್ಟ್‌ನಲ್ಲೇ ಒಂದು ಅರ್ಜಿ ಕೊಟ್ಟಿದ್ದರೆ ಇದಾವುದೂ ಬರುತ್ತಿರಲಿಲ್ಲ.

ಅಮೆರಿಕದಲ್ಲಿ ಇದೇ ತಪ್ಪಿಗೆ ಬೆಲೆ ಇನ್ನೂ ದುಬಾರಿ. ಅಲ್ಲಿ 1986ರ ಬ್ರಾಡ್ಲಿ ತಿದ್ದುಪಡಿಯ ಪ್ರಕಾರ ಪ್ರತಿ ಕಂತೂ ತಪ್ಪಿದ ದಿನವೇ ತೀರ್ಪಿನ ಬಲ ಪಡೆಯುತ್ತದೆ, ಹಳೆಯ ಬಾಕಿಯನ್ನು ಹಿಂದಿನಿಂದ ಕಡಿಮೆ ಮಾಡಲು ನ್ಯಾಯಾಧೀಶರಿಗೂ ಬರುವುದಿಲ್ಲ. ಬಾಕಿ 2,500 ಡಾಲರ್ ಮೀರಿದರೆ ಪಾಸ್‌ಪೋರ್ಟ್ ಸಿಗುವುದಿಲ್ಲ. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೂ ಈ ನಿಯಮ ಅನ್ವಯಿಸುತ್ತದೆ. ಆದರೆ ಆ ತಂದೆ ಭಾರತಕ್ಕೆ ಮರಳಿದರೆ ಅಮೆರಿಕದ ಡಿಕ್ರಿ ಇಲ್ಲಿ ನೇರವಾಗಿ ಜಾರಿಯಾಗದು, ಅದರ ಆಧಾರದ ಮೇಲೆ ಹೊಸದಾಗಿ ದಾವೆ ಹೂಡಬೇಕು. ನಮ್ಮ ಕಾನೂನು ಅಮೆರಿಕದಷ್ಟು ಗಡಸಾಗಿಲ್ಲದಿರುವುದು ಒಳ್ಳೆಯದೇ. ಕೆಲಸ ಕಳೆದುಕೊಂಡವನ, ಕಾಯಿಲೆ ಬಿದ್ದವನ ಕಷ್ಟ ಕೇಳುವಷ್ಟು ಬಾಗಿಲು ಇಲ್ಲಿ ತೆರೆದಿದೆ.

ಸುಪರ್ದಿ ಬದಲಾದ ಮೇಲೆ ತಾಯಿಗೂ ಹೊಸ ಹೊಣೆ ಬರಬಹುದು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೆಯ ಸೆಕ್ಷನ್ ಮಕ್ಕಳನ್ನು ಸಾಕುವ ಭಾರವನ್ನು ತಂದೆ ತಾಯಿ ಇಬ್ಬರ ಮೇಲೂ ಹೊರಿಸುತ್ತದೆ. 2000ನೆಯ ಇಸವಿಯ ಒಂದು ಪ್ರಕರಣದಲ್ಲಿ ಗಂಡ ಹೆಂಡತಿ ಇಬ್ಬರೂ ನೌಕರಿಯಲ್ಲಿದ್ದರು. ಸುಪ್ರೀಂ ಕೋರ್ಟ್ ಪ್ರತಿ ಮಗುವಿಗೆ ತಿಂಗಳಿಗೆ 3,000 ರೂಪಾಯಿ ನಿಗದಿ ಮಾಡಿ, ಅವರ ಸಂಬಳದ ಪ್ರಮಾಣಕ್ಕೆ ತಕ್ಕಂತೆ ಎರಡಕ್ಕೆ ಒಂದರಂತೆ ಹಂಚಿತು. ನಮ್ಮ ಕಥೆಯ ತಾಯಿ ದುಡಿಯುತ್ತಿದ್ದರೆ ತಂದೆ ಅವಳಿಂದ ಪಾಲು ಕೇಳಬಹುದು. ಕೇಳಲಿ. ಅದು ಮುಂದಿನ ತಿಂಗಳುಗಳ ಲೆಕ್ಕ. ಹಳೆಯ 1,56,000ಕ್ಕೆ ಅದನ್ನು ಎದುರಿಟ್ಟು ತೂಗಿ ‘ಸರಿಗೆ ಸರಿ’ ಎನ್ನುವುದು ಬೇಡ.

ಅದಕ್ಕಿಂತಲೂ ಕೆಟ್ಟದ್ದು ಬಾಕಿಯನ್ನೇ ಸುಪರ್ದಿಯ ಬೆಲೆಯಾಗಿಸುವುದು. ಬಾಕಿ ಬಿಟ್ಟರೆ ಮಗುವನ್ನು ಬಿಡುತ್ತೇನೆ, ಮಗುವನ್ನು ಕೊಟ್ಟರೆ ಬಾಕಿ ಕೇಳುವುದಿಲ್ಲ ಎಂಬ ಚೌಕಾಸಿ ನ್ಯಾಯಾಲಯದ ಹೊರಗಿನ ಮರದಡಿ ನಡೆಯುತ್ತದೆ. ಮಗುವಿನ ಊಟದ ಹಣವನ್ನು ದೊಡ್ಡವರಿಬ್ಬರು ತಮ್ಮ ಜಗಳದ ಚಿಲ್ಲರೆಯನ್ನಾಗಿ ಮಾಡಿಕೊಳ್ಳುವ ಹೊತ್ತು ಅದು. ತಾಯಿ ತನ್ನ ಪಾಲಿನ ಜೀವನಾಂಶವನ್ನು ಬಿಟ್ಟುಕೊಡಬಹುದು, ಮಗಳಿಗೆ ಸೇರಿದ ಹಕ್ಕನ್ನು ಬಿಟ್ಟುಕೊಡಲಾರಳು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಂಥ ರಾಜಿಪತ್ರಗಳನ್ನು ನೋಡಿಯೇ.

ರಾಜಿ ಬೇಡವೆಂದಲ್ಲ. ಕೌಟುಂಬಿಕ ನ್ಯಾಯಾಲಯದ ಆಪ್ತಸಮಾಲೋಚಕರ ಎದುರು ಕೂತು ಬಾಕಿಯನ್ನು ಕಂತಿನಲ್ಲಿ ತೀರಿಸುವ ಒಪ್ಪಂದ ಬರೆದುಕೊಳ್ಳಬಹುದು. ತಂದೆಯ ಮೇಲೆ ಈಗ ಮಗನ ಶಾಲೆಯ ಖರ್ಚೂ ಇದೆ, ತಿಂಗಳಿಗೆ 5,000ದಂತೆ ಕೊಡುತ್ತೇನೆ ಎಂದರೆ ಒಪ್ಪುವ ತಾಯಂದಿರು ಬೇಕಾದಷ್ಟಿದ್ದಾರೆ. ಹಣ ಬ್ಯಾಂಕ್ ಖಾತೆಗೇ ಹೋಗಬೇಕು. ಕೈಯಲ್ಲಿ ಕೊಟ್ಟೆ, ಹಬ್ಬಕ್ಕೆ ಬಟ್ಟೆ ತಂದೆ, ಸೈಕಲ್ ಕೊಡಿಸಿದೆ ಎಂಬ ಮಾತು ಕಟಕಟೆಯಲ್ಲಿ ನಿಲ್ಲುವುದು ಕಷ್ಟ. ಯಾರ ಬಳಿ ಏನಿದೆ ಎಂಬುದನ್ನು ಇಬ್ಬರೂ ಪ್ರಮಾಣಪತ್ರದಲ್ಲಿ ಬಿಚ್ಚಿಡಬೇಕೆಂದು 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಮಾಡಿದ ಕಟ್ಟಳೆ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ವಸೂಲಿ ಅರ್ಜಿಯ ಜೊತೆ ವಕೀಲರು ಒಂದು ಪಟ್ಟಿ ಕೇಳುತ್ತಾರೆ: ತಿಂಗಳು, ಸಲ್ಲಬೇಕಾದ ಮೊತ್ತ, ಸಂದದ್ದು, ಉಳಿದದ್ದು. ತುಮಕೂರಿನ ಆ ತಾಯಿ ಮಗನ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ ಗೆರೆ ಎಳೆದುಕೊಂಡು ಅದನ್ನು ಬರೆಯುತ್ತಾಳೆ. ಜೂನ್‌ ಎಂದು ಬರೆಯುವಾಗ ಶಾಲೆಯ ಫೀಸು, ಡಿಸೆಂಬರ್‌ ಎಂದು ಬರೆಯುವಾಗ ಕೆಮ್ಮಿನ ಔಷಧಿ ನೆನಪಾಗುತ್ತದೆ. ಇಪ್ಪತ್ತಾರನೆಯ ಸಾಲು 2023ರ ಜುಲೈ ತಿಂಗಳದ್ದು. ಅದರ ಮರುತಿಂಗಳು ಹುಡುಗ ರೈಲು ಹತ್ತಿದ.