ಅಮೆರಿಕದ ಸ್ವತಂತ್ರ ಚಿತ್ರಗಳಲ್ಲಿ ಮನೆ, ಕೇರಿ ಮತ್ತು ಬಾಲ್ಯ



ಅಮೆರಿಕದ ಸಿನಿಮಾ ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಉರುಳಿ ಬೀಳುವ ಕಾರುಗಳು, ಕುಸಿಯುವ ಕಟ್ಟಡಗಳು, ಕೊನೆಯ ರೀಲಿನಲ್ಲಿ ಲೋಕವನ್ನೇ ಕಾಪಾಡುವ ನಾಯಕ. ಇವು ಹಾಲಿವುಡ್ಡಿನ ದೊಡ್ಡ ಸ್ಟುಡಿಯೋಗಳು ಕೋಟ್ಯಂತರ ಡಾಲರು ಸುರಿದು ತಯಾರಿಸುವ ಚಿತ್ರಗಳು. ಆದರೆ ಅದೇ ದೇಶದಲ್ಲಿ ಇನ್ನೊಂದು ಬಗೆಯ ಸಿನಿಮಾ ಕೂಡ ಬೆಳೆದು ಬಂದಿದೆ. ಅಲ್ಲಿ ಬಾಡಿಗೆ ಮನೆಯ ಕರೆಂಟು ಬಿಲ್ಲು ಕಟ್ಟದೆ ದೀಪ ಆರುತ್ತದೆ, ಫೀಸಿಗೆ ಹಣವಿಲ್ಲದೆ ಹುಡುಗನೊಬ್ಬ ಶಾಲೆ ಬಿಡುತ್ತಾನೆ, ಅಜ್ಜಿಯ ಮಾತು ಮೊಮ್ಮಗನಿಗೆ ಹಿಡಿಸುವುದಿಲ್ಲ. ದೊಡ್ಡ ಸ್ಟುಡಿಯೋಗಳ ಹೊರಗೆ ತಯಾರಾಗುವ ಇಂಥ ಚಿತ್ರಗಳನ್ನು ಸ್ವತಂತ್ರ ಚಿತ್ರಗಳೆಂದು ಕರೆಯುತ್ತಾರೆ.

ಸ್ವತಂತ್ರ ಎಂದರೆ ಯಾವುದರಿಂದ ಸ್ವತಂತ್ರ? ಸಿನಿಮಾಕ್ಕೆ ಹಣ ಹಾಕಿದವನು ಅದನ್ನು ಲಾಭದೊಡನೆ ವಾಪಸು ಪಡೆಯಲು ಬಯಸುವುದು ಸಹಜ. ಹೆಚ್ಚು ಹಣ ಹಾಕಿದಷ್ಟೂ ಹೆಚ್ಚು ಜನ ಮೆಚ್ಚುವ ಕಥೆ, ಹೆಸರಾಂತ ನಟ, ಸುಖಾಂತ್ಯ ಇವು ಬೇಕೇ ಬೇಕೆನ್ನಿಸುತ್ತದೆ. ಕಡಿಮೆ ಹಣದಲ್ಲಿ ಚಿತ್ರ ತೆಗೆಯುವವನಿಗೆ ಈ ಒತ್ತಡ ಕಡಿಮೆ. ತನಗೆ ಗೊತ್ತಿರುವ ಬೀದಿಯನ್ನು, ತಾನು ಕಂಡ ಮಕ್ಕಳನ್ನು ಇದ್ದಂತೆಯೇ ತೋರಿಸಲು ಅವನಿಗೆ ಸಾಧ್ಯ. ಆದರೆ ಈ ಸ್ವಾತಂತ್ರ್ಯಕ್ಕೂ ಬೆಲೆಯುಂಟು. ಅದೇನೆಂಬುದನ್ನು ನಾಲ್ಕು ಚಿತ್ರಗಳ ಮೂಲಕ ನೋಡೋಣ.

ಮೊದಲನೆಯದು 1953ರ 'ಲಿಟ್ಲ್ ಫ್ಯುಜಿಟಿವ್'. ಇದನ್ನು ತೆಗೆದವರು ಛಾಯಾಗ್ರಾಹಕ ದಂಪತಿಗಳಾದ ಮಾರಿಸ್ ಎಂಗೆಲ್, ರೂತ್ ಆರ್ಕಿನ್ ಮತ್ತು ಅವರ ಗೆಳೆಯ ರೇ ಆ್ಯಶ್ಲಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಏಳು ವರ್ಷದ ಜೋಯಿ, ಹನ್ನೆರಡು ವರ್ಷದ ಅಣ್ಣ ಲೆನ್ನಿ. ಅಜ್ಜಿಗೆ ಕಾಯಿಲೆಯೆಂದು ತಾಯಿ ಊರಿಗೆ ಹೋಗಿದ್ದಾಳೆ. ಅಣ್ಣ ಮತ್ತು ಅವನ ಗೆಳೆಯರು ತಮಾಷೆಗಾಗಿ ಟೊಮೆಟೊ ಕೆಚಪ್ಪನ್ನೇ ರಕ್ತವೆಂದು ತೋರಿಸಿ, ಅಣ್ಣನನ್ನು ಜೋಯಿಯೇ ಕೊಂದನೆಂದು ನಂಬಿಸುತ್ತಾರೆ. ಹೆದರಿದ ಹುಡುಗ ಕೋನಿ ಐಲೆಂಡ್ ಎಂಬ ಕಡಲತೀರದ ವಿಹಾರಸ್ಥಳಕ್ಕೆ ಓಡಿಹೋಗುತ್ತಾನೆ. ಕೈಯಲ್ಲಿದ್ದ ಹಣ ಮುಗಿದ ಮೇಲೆ ಮರಳಿನಲ್ಲಿ ಬಿದ್ದ ಖಾಲಿ ಬಾಟಲಿಗಳನ್ನು ಆಯ್ದು, ಅಂಗಡಿಗೆ ಕೊಟ್ಟು, ಬಂದ ಚಿಲ್ಲರೆಯಲ್ಲಿ ಕುದುರೆ ಸವಾರಿ ಮಾಡುತ್ತಾನೆ. ಕೊನೆಗೆ ಅಣ್ಣ ಅವನನ್ನು ಹುಡುಕಿ ತರುತ್ತಾನೆ. ತಾಯಿಗೆ ಏನೂ ಗೊತ್ತಾಗುವುದೇ ಇಲ್ಲ.

ಎಂಗೆಲ್ ಜನಜಂಗುಳಿಯಲ್ಲಿ ಯಾರ ಗಮನಕ್ಕೂ ಬಾರದಂತೆ ಹಿಡಿಯಬಹುದಾದ ಸಣ್ಣ ಕ್ಯಾಮೆರಾ ಬಳಸಿದರು. ಚಿತ್ರೀಕರಣದ ವೇಳೆ ಧ್ವನಿ ಮುದ್ರಿಸದೆ, ಮಾತುಗಳನ್ನು ಆಮೇಲೆ ಸೇರಿಸಿದರು. ಹೀಗಾಗಿ ನಾವು ಇಡೀ ಕಡಲತೀರವನ್ನು ಮಗುವಿನ ಎತ್ತರದಿಂದ ನೋಡುತ್ತೇವೆ. ವೆನಿಸ್ ಚಿತ್ರೋತ್ಸವದಲ್ಲಿ ಇದಕ್ಕೆ ಬೆಳ್ಳಿ ಸಿಂಹ ಪ್ರಶಸ್ತಿ ಬಂತು. ಫ್ರಾನ್ಸಿನ ಹೊಸ ಅಲೆಯ ನಿರ್ದೇಶಕ ಫ್ರಾಂಸ್ವಾ ತ್ರುಫೋ ತಮ್ಮ ಪೀಳಿಗೆಗೆ ದಾರಿ ತೋರಿದ್ದು ಈ ಚಿತ್ರವೆಂದು ನೆನೆದಿದ್ದಾರೆ.

ಎರಡನೆಯದು ಚಾರ್ಲ್ಸ್ ಬರ್ನೆಟ್ ಅವರ 'ಕಿಲ್ಲರ್ ಆಫ್ ಶೀಪ್'. ಬರ್ನೆಟ್ ಬೆಳೆದದ್ದು ಲಾಸ್ ಏಂಜಲೀಸಿನ ವಾಟ್ಸ್ ಎಂಬ ಕರಿಯ ಜನರ ಬಡಾವಣೆಯಲ್ಲಿ. 1965ರಲ್ಲಿ ಅಲ್ಲಿ ನಡೆದ ದಂಗೆಯಲ್ಲಿ 34 ಜನ ಸತ್ತರು. ಆ ಬಳಿಕ ಪತ್ರಿಕೆ ಓದುವವರಿಗೆ ವಾಟ್ಸ್ ಎಂದರೆ ಬೆಂಕಿ ಮತ್ತು ಪೊಲೀಸು, ಅಷ್ಟೆ. ಬರ್ನೆಟ್ ತೋರಿಸಿದ್ದು ಬೇರೆ. ಸ್ಟ್ಯಾನ್ ಎಂಬಾತ ಕಸಾಯಿಖಾನೆಯಲ್ಲಿ ದುಡಿಯುತ್ತಾನೆ. ದಣಿವಿನಿಂದ ನಿದ್ದೆ ಬಾರದು, ಹೆಂಡತಿಯೊಡನೆ ನಗಲೂ ಆಗದು. ಹೊರಗೆ ಮಕ್ಕಳು ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಹಾರಿ ಆಡುತ್ತಾರೆ. ಸ್ಟ್ಯಾನ್ ಮತ್ತು ಗೆಳೆಯ ಕೂಡಿಟ್ಟ ಹಣದಲ್ಲಿ ಹಳೆಯ ಕಾರಿನ ಇಂಜಿನ್ ಕೊಂಡು, ಏದುಸಿರು ಬಿಡುತ್ತ ಮೆಟ್ಟಿಲಿಳಿಸಿ ಗಾಡಿಯ ಹಿಂಬದಿಗೆ ಇಡುತ್ತಾರೆ. ಗಾಡಿ ಹೊರಟೊಡನೆ ಇಂಜಿನ್ ಉರುಳಿ ಬಿದ್ದು ಕೆಡುತ್ತದೆ. ಇಬ್ಬರೂ ಅದನ್ನು ಬೀದಿಯಲ್ಲೇ ಬಿಟ್ಟು ಹೋಗುತ್ತಾರೆ. ಯಾರೂ ಭಾಷಣ ಮಾಡುವುದಿಲ್ಲ. ಇಷ್ಟಾದರೂ ಸ್ಟ್ಯಾನ್ ತಾನು ಬಡವನಲ್ಲವೆಂದೇ ವಾದಿಸುತ್ತಾನೆ. ಇತರರಿಗೆ ಒಂದಿಷ್ಟು ಕೊಡಬಲ್ಲವನು ಬಡವನು ಹೇಗಾದಾನು ಎಂಬುದು ಅವನ ಪ್ರಶ್ನೆ.

ಬರ್ನೆಟ್ ಆಗ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ. ಹೆಚ್ಚಾಗಿ ವಾರದ ಕೊನೆಯ ದಿನಗಳಲ್ಲಿ, ಕೇರಿಯ ಜನರನ್ನೇ ಸೇರಿಸಿಕೊಂಡು, 10,000 ಡಾಲರಿಗೂ ಕಡಿಮೆ ಖರ್ಚಿನಲ್ಲಿ ತೆಗೆದ ಈ ಚಿತ್ರವನ್ನು ಅವರು 1977ರಲ್ಲಿ ಪದವಿಗಾಗಿ ಸಲ್ಲಿಸಿದರು. ಸ್ವಾತಂತ್ರ್ಯದ ಬೆಲೆ ಇಲ್ಲಿ ಕಾಣುತ್ತದೆ. ಚಿತ್ರದಲ್ಲಿ ಬಳಸಿದ ಹಾಡುಗಳ ಹಕ್ಕು ಕೊಳ್ಳಲು ಹಣವಿಲ್ಲದ್ದರಿಂದ ಅದು ಚಿತ್ರಮಂದಿರಗಳಿಗೆ ಬರಲಿಲ್ಲ. 1990ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿದರೂ, ಜನ ಟಿಕೆಟು ಕೊಂಡು ಅದನ್ನು ನೋಡಲು 2007ರ ವರೆಗೆ, ಅಂದರೆ ಮೂವತ್ತು ವರ್ಷ, ಕಾಯಬೇಕಾಯಿತು.

ಅದೇ 1977ರಲ್ಲಿ ನಮ್ಮಲ್ಲಿ ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' ತಯಾರಾಯಿತು. ಅದೂ ಕಡಿಮೆ ಹಣದ ಚಿತ್ರ. ಅಲ್ಲಿಯೂ ಒಂದು ಸಮುದಾಯದ ಕ್ರೌರ್ಯವನ್ನು ನಾವು ನಾಣಿ ಎಂಬ ಹುಡುಗನ ಕಣ್ಣಿನಿಂದ ಕಾಣುತ್ತೇವೆ. ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕೋರ್ಸೆಸಿ ಸ್ಥಾಪಿಸಿದ ಪ್ರತಿಷ್ಠಾನದ ನೆರವಿನಿಂದ ಪುನರುಜ್ಜೀವನಗೊಂಡ ಆ ಚಿತ್ರ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು.

ಮೂರನೆಯದು ಸಾಕ್ಷ್ಯಚಿತ್ರ, 1994ರ 'ಹೂಪ್ ಡ್ರೀಮ್ಸ್'. ಶಿಕಾಗೋದ ಇಬ್ಬರು ಬಡ ಹುಡುಗರು ಆರ್ಥರ್ ಏಜಿ ಮತ್ತು ವಿಲಿಯಂ ಗೇಟ್ಸ್. ಇಬ್ಬರಿಗೂ ಬ್ಯಾಸ್ಕೆಟ್‌ಬಾಲ್ ಆಡಿ ಮೇಲೆ ಬರುವ ಆಸೆ. ಇಬ್ಬರೂ ದೂರದ ಖಾಸಗಿ ಶಾಲೆಗೆ ಸೇರುತ್ತಾರೆ. ವಿಲಿಯಂಗೆ ಸಹಾಯಧನ ಸಿಗುತ್ತದೆ. ಆರ್ಥರನ ಮನೆಯವರು ಫೀಸಿನ ಬಾಕಿ ತೀರಿಸಲಾಗದೆ ಅವನು ನಡುವಿನಲ್ಲೇ ಶಾಲೆ ಬಿಡಬೇಕಾಗುತ್ತದೆ. ನಿರ್ದೇಶಕ ಸ್ಟೀವ್ ಜೇಮ್ಸ್ ಮತ್ತು ಸಂಗಡಿಗರು ಅರ್ಧ ಗಂಟೆಯ ಚಿತ್ರ ಮಾಡಲೆಂದು ಹೊರಟವರು. ಆದರೆ ಐದು ವರ್ಷ ಈ ಕುಟುಂಬಗಳ ಬೆನ್ನಿಗಿದ್ದು ಸುಮಾರು 250 ಗಂಟೆಗಳ ದೃಶ್ಯ ಸೆರೆ ಹಿಡಿದರು. ಅದರಿಂದ ಹುಟ್ಟಿದ್ದು ಮೂರು ಗಂಟೆಗೆ ಹತ್ತಿರದ ಚಿತ್ರ.

ಆ ದೀರ್ಘಕಾಲದಿಂದ ಏನು ದಕ್ಕಿತು? ಆಟ ನೋಡಲು ಕುಳಿತ ನಮಗೆ ಮನೆ ಕಾಣುತ್ತದೆ. ಆರ್ಥರನ ತಾಯಿ ಶೀಲಾ ಅವನ ಹದಿನೆಂಟನೆಯ ಹುಟ್ಟುಹಬ್ಬಕ್ಕೆ ಕೇಕ್ ತಯಾರಿಸುತ್ತ, ಮಗ ಆ ವಯಸ್ಸಿನವರೆಗೆ ಬದುಕಿದ್ದಕ್ಕೇ ಸಂತೋಷ ಪಡುತ್ತಾರೆ. ಮುಂದೆ ಆಕೆ ಶುಶ್ರೂಷಾ ಸಹಾಯಕಿಯ ತರಬೇತಿಯಲ್ಲಿ ಇಡೀ ತರಗತಿಗೆ ಮೊದಲಿಗರಾಗುತ್ತಾರೆ. ಚಿತ್ರದಲ್ಲಿ ಅದಕ್ಕಿಂತ ದೊಡ್ಡ ಗೆಲುವಿಲ್ಲ. ಮೊಣಕಾಲಿಗೆ ಪೆಟ್ಟಾದ ವಿಲಿಯಂ, ದೊಡ್ಡ ಆಟಗಾರನಾದರೆ ನಮ್ಮನ್ನು ಮರೆಯಬೇಡ ಎನ್ನುವವರಿಗೆ, ಆಗದಿದ್ದರೆ ನೀವು ನನ್ನನ್ನು ಮರೆಯಬೇಡಿ ಎಂದು ಹೇಳಬೇಕೆನ್ನಿಸುತ್ತದೆ ಎನ್ನುತ್ತಾನೆ. ಇಬ್ಬರೂ ಮುಂದೆ ಎನ್‌ಬಿಎಯಲ್ಲಿ ಆಡಲಿಲ್ಲ. ಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯುವ ನಿಮಗೆ ವಿಲಿಯಂನ ಮಾತು ಬೇಗ ಅರ್ಥವಾದೀತು.

ಇಲ್ಲೊಂದು ಕಠಿಣ ಪ್ರಶ್ನೆಯೂ ಇದೆ. ಮನೆಯ ದೀಪ ಆರಿದಾಗ ಕ್ಯಾಮೆರಾ ಹಿಡಿದವನು ಸುಮ್ಮನೆ ಚಿತ್ರಿಸುತ್ತಿರಬೇಕೇ, ನೆರವಾಗಬೇಕೇ? ನೆರವಾದರೆ ನಿಜ ಸಂಗತಿ ಬದಲಾಗುತ್ತದೆ, ಆಗದಿದ್ದರೆ ಮನುಷ್ಯತ್ವ ಉಳಿಯುವುದಿಲ್ಲ. ಈ ಚಿತ್ರದ ತಯಾರಕರು ಕರೆಂಟು ಮತ್ತೆ ಬರಲು ನೆರವಾದರು, ಮುಂದೆ ಚಿತ್ರದ ಆದಾಯದಲ್ಲಿ ಆ ಕುಟುಂಬಗಳಿಗೂ ಪಾಲು ಕೊಟ್ಟರು. ಇನ್ನೊಬ್ಬರ ಕಷ್ಟವನ್ನು ತೆರೆಗೆ ತರುವವರು ಅವರಿಗೆ ಋಣಿಗಳೆಂಬುದನ್ನು ಇದು ನೆನಪಿಸುತ್ತದೆ. ಮುಂದೆ ನಿಮ್ಮಲ್ಲಿ ಯಾರಾದರೂ ಕ್ಯಾಮೆರಾ ಹಿಡಿದರೆ ಈ ಪ್ರಶ್ನೆ ನಿಮಗೂ ಎದುರಾಗುತ್ತದೆ.

ಕೊನೆಯದು 2020ರ 'ಮಿನಾರಿ'. ಕೊರಿಯಾದಿಂದ ಬಂದ ಕುಟುಂಬವೊಂದು 1980ರ ದಶಕದಲ್ಲಿ ಅರ್ಕನ್ಸಾ ರಾಜ್ಯದ ಹಳ್ಳಿಯಲ್ಲಿ ಬೇಸಾಯಕ್ಕೆ ತೊಡಗುತ್ತದೆ. ನಿರ್ದೇಶಕ ಲೀ ಐಸಾಕ್ ಚುಂಗ್ ತಮ್ಮ ಬಾಲ್ಯದ ನೆನಪುಗಳಿಂದಲೇ ಕಥೆ ಹೆಣೆದಿದ್ದಾರೆ. ಕೊರಿಯಾದಿಂದ ಬಂದ ಅಜ್ಜಿಯನ್ನು ಪುಟ್ಟ ಡೇವಿಡ್ ಒಪ್ಪುವುದಿಲ್ಲ. ಅಮೆರಿಕದ ಅಜ್ಜಿಯರಂತೆ ಆಕೆ ಬಿಸ್ಕತ್ತು ಮಾಡುವುದಿಲ್ಲ ಎಂಬುದು ಅವನ ತಕರಾರು. ಅಜ್ಜಿಯೋ ತೊರೆಯ ದಂಡೆಯಲ್ಲಿ ಮಿನಾರಿ ಎಂಬ ಕೊರಿಯಾದ ಸೊಪ್ಪಿನ ಬೀಜ ಬಿತ್ತುತ್ತಾಳೆ. ಅಜ್ಜಿಯಾಗಿ ನಟಿಸಿದ ಯುನ್ ಯು-ಜಂಗ್ 2021ರಲ್ಲಿ ಆಸ್ಕರ್ ಪಡೆದರು. ಆದರೆ ಮಾತು ಬಹುಪಾಲು ಕೊರಿಯನ್ ಎಂಬ ಕಾರಣಕ್ಕೆ, ಅಮೆರಿಕದಲ್ಲೇ ತಯಾರಾದ ಈ ಚಿತ್ರವನ್ನು ಗೋಲ್ಡನ್ ಗ್ಲೋಬ್ ಪ್ರಶಸ್ತಿಗೆ ವಿದೇಶಿ ಭಾಷಾ ಚಿತ್ರಗಳ ಸಾಲಿನಲ್ಲಿಟ್ಟರು. ಇದರಿಂದ ಬಹಳ ಚರ್ಚೆಯಾಯಿತು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಆಡುವ ಮಗು ಯಾವ ದೇಶದ್ದು ಎಂಬ ಪ್ರಶ್ನೆಯೇ ಆ ಚರ್ಚೆಯ ತಿರುಳು.

ಮಿತ್ರರೇ, ಈ ನಾಲ್ಕು ಚಿತ್ರಗಳ ಮಕ್ಕಳಲ್ಲಿ ಯಾರೂ ಲೋಕವನ್ನು ಗೆಲ್ಲುವುದಿಲ್ಲ. ಅವರು ಬೆಳೆಯುತ್ತಾರೆ, ಅಷ್ಟೆ. ಸುತ್ತಲಿನ ದೊಡ್ಡವರ ದಣಿವು, ಸೋಲು, ಪ್ರೀತಿ ಅವರಿಗೆ ಒಂದೊಂದಾಗಿ ತಿಳಿಯುತ್ತ ಹೋಗುತ್ತದೆ. ಇಂಥ ಚಿತ್ರಗಳು ಪ್ರೇಕ್ಷಕರನ್ನು ತಲುಪಲು ನಟ ರಾಬರ್ಟ್ ರೆಡ್‌ಫೋರ್ಡ್ 1981ರಲ್ಲಿ ಸ್ಥಾಪಿಸಿದ ಸನ್‌ಡ್ಯಾನ್ಸ್ ಸಂಸ್ಥೆಯ ಚಿತ್ರೋತ್ಸವ ಬಹಳ ನೆರವಾಗಿದೆ. 'ಹೂಪ್ ಡ್ರೀಮ್ಸ್', 'ಮಿನಾರಿ' ಎರಡೂ ಅಲ್ಲಿ ಪ್ರಶಸ್ತಿ ಪಡೆದವು. ನಿಮ್ಮ ಕಾಲೇಜಿನಲ್ಲಿ ಚಿತ್ರ ಸಮಾಜವಿದ್ದರೆ ಇವುಗಳಲ್ಲಿ ಒಂದನ್ನಾದರೂ ತರಿಸಿ ನೋಡಿ. ನೋಡಿದ ಮೇಲೆ ಕಥೆ ಚೆನ್ನಾಗಿತ್ತೇ ಎಂದು ಮಾತ್ರ ಕೇಳಬೇಡಿ. ಇದು ಯಾರ ಮನೆಯ ಕಥೆ, ಹೇಳಿದವರು ಯಾರು, ಹಣ ಎಲ್ಲಿಂದ ಬಂತು ಎಂದೂ ಕೇಳಿ. ಆಮೇಲೆ ನಿಮ್ಮದೇ ಬೀದಿಯನ್ನು ಒಮ್ಮೆ ನಿಧಾನವಾಗಿ ನೋಡಿ. ಇನ್ನೂ ಯಾರೂ ಹೇಳದ ಕಥೆಗಳು ಅಲ್ಲಿಯೂ ಇದ್ದಾವು.