ಗಾಯಾಳು ಒಂದೂರಿನಲ್ಲಿ, ಕಡತ ಇನ್ನೊಂದೂರಿನಲ್ಲಿ

(ಜಿನನಾಥಪುರದ ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಊರಿಗೆ ಬರುವವರು ಸಾಮಾನ್ಯವಾಗಿ ಶಾಂತಿನಾಥ ಬಸದಿಯ ಹೊರಗೋಡೆಯ ಶಿಲ್ಪಗಳನ್ನು ನೋಡಲು ಬರುತ್ತಾರೆ. ನಾವೂ ಅದನ್ನು ನೋಡಿಯೇ ಸಭೆಗೆ ಬಂದೆವು. ನಮಗೆ ವಹಿಸಲಾದ ವಿಷಯ ಮಾತ್ರ ರಸ್ತೆಗೆ ಸಂಬಂಧಿಸಿದ್ದು. ರಸ್ತೆಯಲ್ಲಿ ಪೆಟ್ಟು ತಿಂದವನ ಪರಿಹಾರದ ಅರ್ಜಿ ದೂರದ ನ್ಯಾಯಾಲಯದಲ್ಲಿ ಸಿಲುಕಿಕೊಂಡರೆ ಅದನ್ನು ಹತ್ತಿರಕ್ಕೆ ತರಲು ಸಾಧ್ಯವೇ? ಸಾಧ್ಯವಿದ್ದರೆ ಹೇಗೆ?

ಒಬ್ಬ ಗಾರೆ ಕೆಲಸಗಾರನನ್ನು ಕಲ್ಪಿಸಿಕೊಳ್ಳಿ. ಚನ್ನರಾಯಪಟ್ಟಣದ ಹೆದ್ದಾರಿಯಲ್ಲಿ ಲಾರಿ ಬಡಿದು ತೊಡೆಯ ಮೂಳೆ ಮುರಿದಿದೆ. ಯಾರೋ ಬಂದು, ಬೆಂಗಳೂರಿನಲ್ಲಿ ಹಾಕಿದರೆ ಮೊತ್ತ ಹೆಚ್ಚು ಸಿಗುತ್ತದೆಂದು ನಂಬಿಸಿ ವಕಾಲತ್ತಿಗೆ ಸಹಿ ಪಡೆಯುತ್ತಾರೆ. ಆ ಬಳಿಕ ಪ್ರತಿ ಕರೆಗೂ ಆತ ಊರುಗೋಲು ಹಿಡಿದು ಬಸ್ಸು ಹತ್ತಬೇಕು. ಜೊತೆಗೆ ಒಬ್ಬರು ಬೇಕು. ಇಬ್ಬರ ದಿನಗೂಲಿಯೂ ಹೋಗುತ್ತದೆ. ನ್ಯಾಯಾಧೀಶರು ರಜೆಯಲ್ಲಿದ್ದರೆ ಅಥವಾ ಎದುರು ಪಕ್ಷ ಸಮಯ ಕೇಳಿದರೆ ಇನ್ನೊಂದು ತಾರೀಖು. ಹೀಗೆ ಬೇಸತ್ತವನು ಕೊನೆಗೆ ವಿಮಾ ಕಂಪೆನಿ ಹೇಳಿದಷ್ಟಕ್ಕೆ ಒಪ್ಪಿಬಿಡುತ್ತಾನೆ. ದೂರವೆಂಬುದು ಎದುರಾಳಿಗೆ ಖರ್ಚಿಲ್ಲದೆ ದೊರೆಯುವ ವಕೀಲ.

ಕಾನೂನು ಇದನ್ನು ಅರಿಯದೆ ಇಲ್ಲ. 1988ರ ಮೋಟಾರು ವಾಹನಗಳ ಕಾಯ್ದೆಯ ಮೂಲರೂಪದಲ್ಲಿ ಅಪಘಾತ ಸಂಭವಿಸಿದ ಪ್ರದೇಶದ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬೇಕಿತ್ತು. 1994ರ ತಿದ್ದುಪಡಿಯು 166ನೇ ಕಲಮಿನಲ್ಲಿ ಆಯ್ಕೆಯನ್ನು ಗಾಯಾಳುವಿನ ಕೈಗೆ ಕೊಟ್ಟಿತು. ಅಪಘಾತ ನಡೆದ ಸ್ಥಳ, ಅರ್ಜಿದಾರನು ವಾಸಿಸುವ ಅಥವಾ ವ್ಯವಹಾರ ನಡೆಸುವ ಸ್ಥಳ, ಪ್ರತಿವಾದಿಯು ವಾಸಿಸುವ ಸ್ಥಳ ಇವುಗಳಲ್ಲಿ ಯಾವುದಾದರೂ ಆಗಬಹುದು. ವಿಮಾ ಕಂಪೆನಿಯ ಕಚೇರಿಯಿರುವ ಊರೂ ಸಲ್ಲುತ್ತದೆಂದು ಸುಪ್ರೀಂ ಕೋರ್ಟು 2016ರಲ್ಲಿ ಮಾಲತಿ ಸರ್ದಾರ್ ಪ್ರಕರಣದಲ್ಲಿ ಹೇಳಿತು. ಹೂಗ್ಲಿಯ ಅಪಘಾತಕ್ಕೆ ಕೋಲ್ಕತ್ತಾದಲ್ಲಿ ದೊರೆತ ಪರಿಹಾರವನ್ನು ಕೇವಲ ವ್ಯಾಪ್ತಿಯ ನೆಪದಿಂದ ರದ್ದುಪಡಿಸಿದ್ದನ್ನು ಅದು ಒಪ್ಪಲಿಲ್ಲ.

ಈ ಆಯ್ಕೆಯ ಬೆಲೆ ನಮ್ಮ ಜಿಲ್ಲೆಗೆ ಗೊತ್ತಿರಬೇಕು. 2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ ತಾಲೂಕಿನ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯ ಮೇಲೆ ಲಾರಿ ನುಗ್ಗಿತು. ಮಡಿದವರಲ್ಲಿ ಬೇರೆ ಜಿಲ್ಲೆಗಳಿಂದ ಓದಲು ಬಂದಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಇದ್ದರು. ಸರಕಾರ ಘೋಷಿಸುವ ಪರಿಹಾರಧನ ಬೇರೆ, ನ್ಯಾಯಮಂಡಳಿಯಿಂದ ಪಡೆಯಬಹುದಾದ ಪರಿಹಾರ ಬೇರೆ. 1994ಕ್ಕೆ ಮುಂಚಿನ ಕಾನೂನೇ ಉಳಿದಿದ್ದರೆ ಬಳ್ಳಾರಿಯಲ್ಲಿ ಮಗನನ್ನು ಮಣ್ಣು ಮಾಡಿದ ತಂದೆ ಪ್ರತಿ ತಾರೀಖಿಗೂ ಹಾಸನಕ್ಕೆ ಬರಬೇಕಾಗುತ್ತಿತ್ತು. ಈಗ ಆತ ತನ್ನ ಊರಿನ ನ್ಯಾಯಮಂಡಳಿಗೇ ಹೋಗಬಹುದು.

ಆದರೆ ಈಗಾಗಲೇ ತಪ್ಪು ಜಾಗದಲ್ಲಿ ಅರ್ಜಿ ಹಾಕಿದ್ದರೆ? ಇಲ್ಲಿಯೇ ಬಹಳ ಮಂದಿ ಎಡವುತ್ತಾರೆ. ಅಲ್ಲಿಯದನ್ನು ಹಿಂತೆಗೆದುಕೊಂಡು ಇಲ್ಲಿ ಹೊಸತಾಗಿ ಹಾಕೋಣ ಎನ್ನುತ್ತಾರೆ. ಹಾಗೆ ಮಾಡುವ ಮುನ್ನ ಎರಡು ಸಂಗತಿಗಳನ್ನು ತಿಳಿದಿರಬೇಕು. 2019ರ ತಿದ್ದುಪಡಿಯು 2022ರ ಎಪ್ರಿಲ್ 1ರಿಂದ, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ಮಿತಿಯನ್ನು ಮರಳಿ ತಂದಿದೆ. 1994ರಲ್ಲಿ ಸಂಸತ್ತೇ ತೆಗೆದುಹಾಕಿದ್ದ ಮಿತಿಯಿದು; ಆಸ್ಪತ್ರೆಯ ಮಂಚದಲ್ಲಿ ತಿಂಗಳುಗಟ್ಟಲೆ ಕಳೆಯುವವರ ಮೇಲೆ ಅದನ್ನು ಮತ್ತೆ ಹೇರಿದ್ದರಲ್ಲಿ ನಮಗಂತೂ ನ್ಯಾಯ ಕಾಣುವುದಿಲ್ಲ. ಎರಡನೆಯದಾಗಿ, 171ನೇ ಕಲಮಿನ ಪ್ರಕಾರ ಬಡ್ಡಿಯನ್ನು ಅರ್ಜಿ ಸಲ್ಲಿಸಿದ ದಿನಕ್ಕಿಂತ ಹಿಂದಿನಿಂದ ಕೊಡಲಾಗದು. ಹಿಂತೆಗೆದವನು ಹಳೆಯ ತಾರೀಖನ್ನೂ ಅದರ ಬಡ್ಡಿಯನ್ನೂ ಕಳೆದುಕೊಳ್ಳುತ್ತಾನೆ, ಜೊತೆಗೆ ಕಾಲಮಿತಿಯ ತಕರಾರನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಾನೆ.

ವರ್ಗಾವಣೆಯಲ್ಲಿ ಈ ನಷ್ಟವಿಲ್ಲ. ಕಡತವೇ ಪ್ರಯಾಣಿಸುತ್ತದೆ, ಸಲ್ಲಿಸಿದ ದಿನಾಂಕ ಹಾಗೆಯೇ ಉಳಿಯುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಮು ಈ ಅಧಿಕಾರವನ್ನು ಉಚ್ಚ ನ್ಯಾಯಾಲಯಕ್ಕೂ ಜಿಲ್ಲಾ ನ್ಯಾಯಾಲಯಕ್ಕೂ ಕೊಟ್ಟಿದೆ. ಹಾಸನದಿಂದ ಚನ್ನರಾಯಪಟ್ಟಣಕ್ಕೋ ಹೊಳೆನರಸೀಪುರಕ್ಕೋ ತರುವುದಾದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಕೇಳಬೇಕು. ಬೆಂಗಳೂರಿನಿಂದ ಹಾಸನ ಜಿಲ್ಲೆಗಾದರೆ ಉಚ್ಚ ನ್ಯಾಯಾಲಯಕ್ಕೆ ಹೋಗಬೇಕು. ಬೇರೆ ರಾಜ್ಯದಿಂದ ತರುವುದಾದರೆ 25ನೇ ಕಲಮಿನಡಿ ಸುಪ್ರೀಂ ಕೋರ್ಟಿಗೆ. ವರ್ಗಾವಣೆಯಾದ ಮೇಲೆ ಹೊಸ ನ್ಯಾಯಾಲಯವು ವಿಚಾರಣೆಯನ್ನು ನಿಂತಲ್ಲಿಂದಲೇ ಮುಂದುವರಿಸಬಹುದು. ಮೊದಲ ನ್ಯಾಯಾಲಯಕ್ಕೆ ವ್ಯಾಪ್ತಿಯೇ ಇರಲಿಲ್ಲವೆಂದಾದರೂ ಅಲ್ಲಿಂದ ವರ್ಗಾಯಿಸಬಹುದೆಂದು ಅದೇ ಕಲಮಿನ ಐದನೇ ಉಪಕಲಮು ಹೇಳುತ್ತದೆ.

ಕೇಳಿದ ಮಾತ್ರಕ್ಕೆ ವರ್ಗಾವಣೆ ಸಿಗುವುದಿಲ್ಲ, ಕಾರಣ ತೋರಿಸಬೇಕು. ನಡೆಯಲಾಗದ ಸ್ಥಿತಿಯ ವೈದ್ಯಕೀಯ ಪತ್ರ, ಚಿಕಿತ್ಸೆ ನೀಡಿದ ವೈದ್ಯರೂ ಪ್ರತ್ಯಕ್ಷದರ್ಶಿಗಳೂ ಇರುವ ಊರು, ಅದೇ ಅಪಘಾತದ ಇನ್ನೊಂದು ಅರ್ಜಿ ಬೇರೆ ಕಡೆ ನಡೆಯುತ್ತಿರುವುದು ಇವೆಲ್ಲ ತೂಕವುಳ್ಳ ಕಾರಣಗಳು. ಕೊನೆಯದಕ್ಕೆ ವಿಶೇಷ ಮಹತ್ವವಿದೆ. ಒಂದೇ ಅಪಘಾತದಲ್ಲಿ ಒಂದು ನ್ಯಾಯಮಂಡಳಿ ಲಾರಿ ಚಾಲಕನ ತಪ್ಪೆಂದೂ ಇನ್ನೊಂದು ಬೈಕ್ ಸವಾರನ ತಪ್ಪೆಂದೂ ತೀರ್ಮಾನಿಸಿದರೆ ಯಾರು ಯಾರಿಗೆ ಉತ್ತರಿಸಬೇಕು?

ಬೇರೆ ಬೇರೆ ರಾಜ್ಯಗಳಲ್ಲಿ ಅರ್ಜಿ ಹಾಕಿದವರಿಗೆ 2022ರ ಡಿಸೆಂಬರ್ 15ರ ಗೋಹರ್ ಮೊಹಮ್ಮದ್ ತೀರ್ಪು ದೊಡ್ಡ ಉಪಕಾರ ಮಾಡಿದೆ. ಬೇರೆ ಬೇರೆ ಉಚ್ಚ ನ್ಯಾಯಾಲಯಗಳ ವ್ಯಾಪ್ತಿಯಲ್ಲಿ ಅರ್ಜಿದಾರರು ಪ್ರತ್ಯೇಕ ಅರ್ಜಿಗಳನ್ನು ಸಲ್ಲಿಸಿದ್ದರೆ, ಮೊದಲು ಸಲ್ಲಿಸಿದ ಅರ್ಜಿ ಇರುವಲ್ಲಿಗೇ ನಂತರದವು ವರ್ಗಾವಣೆಯಾಗಬೇಕು. ಅದಕ್ಕಾಗಿ ದೆಹಲಿಗೆ ಅಲೆಯಬೇಕಾಗಿಲ್ಲ. ಮಗನ ಸಾವಿಗೆ ಸೊಸೆ ಮಂಗಳೂರಿನಲ್ಲೂ ತಾಯಿ ಕಾಸರಗೋಡಿನಲ್ಲೂ ಅರ್ಜಿ ಹಾಕಿದ ಮನೆಗಳಿಗೆ ಇದರ ಅರ್ಥ ಬೇಗ ತಿಳಿಯುತ್ತದೆ.

ಇನ್ನೊಂದು ಬದಿಯನ್ನೂ ಹೇಳಬೇಕು. ಶ್ರವಣಬೆಳಗೊಳಕ್ಕೆ ದೇಶದ ಮೂಲೆಮೂಲೆಗಳಿಂದ ಯಾತ್ರಿಕರು ಬರುತ್ತಾರೆ. ಇಲ್ಲಿನ ಆಟೋ ಬಡಿದು ಗಾಯಗೊಂಡ ಕೊಲ್ಹಾಪುರದ ಯಾತ್ರಿಕ ಅಲ್ಲಿಯೇ ಅರ್ಜಿ ಹಾಕಿದರೆ ನೋಟೀಸು ಈ ಬೀದಿಗೆ ಬರುತ್ತದೆ. ಆಟೋ ಮಾಲಿಕನು ಅದನ್ನು ಇಲ್ಲಿಗೆ ವರ್ಗಾಯಿಸಿ ಎನ್ನಬಹುದೇ? 2023ರಲ್ಲಿ ಸಿಲಿಗುರಿಯ ಅಪಘಾತವೊಂದರಲ್ಲಿ ವಾಹನದ ಮಾಲಿಕರು ಹೀಗೆಯೇ ಕೇಳಿದ್ದರು. ಉತ್ತರಪ್ರದೇಶದ ಫತೇಗಢದಿಂದ ಡಾರ್ಜಿಲಿಂಗಿಗೆ ವರ್ಗಾಯಿಸಲು ಸುಪ್ರೀಂ ಕೋರ್ಟು ನಿರಾಕರಿಸಿತು. ಆಯ್ಕೆ ಗಾಯಾಳುವಿನದೆಂಬ ಆ ನಿಲುವು ಸರಿಯಾದುದೇ. ಆದರೆ ಸಾಕ್ಷಿಗಳು ರಾಷ್ಟ್ರಭಾಷೆಯಾದ ಹಿಂದಿಯಲ್ಲಿ ಹೇಳಿಕೆ ಕೊಡಬಹುದೆಂಬ ಮಾತೂ ಆ ಆದೇಶದಲ್ಲಿದೆ. ಸಂವಿಧಾನವು ಯಾವ ಭಾಷೆಯನ್ನೂ ರಾಷ್ಟ್ರಭಾಷೆಯೆಂದು ಕರೆದಿಲ್ಲ. ಜಿನನಾಥಪುರದ ಸಾಕ್ಷಿಯೊಬ್ಬ ಗಂಗಾತೀರದ ಕಟಕಟೆಯಲ್ಲಿ ನಿಂತು ಹಿಂದಿಯಲ್ಲಿ ಏನು ಹೇಳಿಯಾನು? ವಾಹನ ಇಟ್ಟುಕೊಂಡವರಿಗೆ ನಮ್ಮ ಸಲಹೆ ಇಷ್ಟೇ: ವಿಮೆಯನ್ನು ಒಂದು ದಿನವೂ ತಪ್ಪಿಸಬೇಡಿ. ವಿಮೆಯಿದ್ದರೆ ದೂರದ ಊರಿಗೆ ಹೋಗುವ ಭಾರ ಬಹುಮಟ್ಟಿಗೆ ಕಂಪೆನಿಯದಾಗುತ್ತದೆ.

ಸುಳ್ಳು ವಿಳಾಸದ ಆಸೆಗೆ ಬೀಳಬೇಡಿ. ಮೊತ್ತ ಹೆಚ್ಚು ಸಿಗುತ್ತದೆಂದು ಬೆಂಗಳೂರಿನ ಬಾಡಿಗೆ ಕೋಣೆಯನ್ನು ತನ್ನ ಮನೆಯೆಂದು ಪ್ರಮಾಣ ಮಾಡಿದವನು ಪಾಟೀಸವಾಲಿನಲ್ಲಿ ತನ್ನ ಮತದಾರ ಚೀಟಿಯನ್ನೇ ಎದುರಿಸಬೇಕಾಗುತ್ತದೆ. ಅಲ್ಲಿಗೆ ಗಾಯದ ಕುರಿತು ಆತ ಹೇಳಿದ ನಿಜವೂ ಅನುಮಾನಕ್ಕೆ ಒಳಗಾಗುತ್ತದೆ.

ವರ್ಗಾವಣೆಗೆ ಅರ್ಜಿ ಹಾಕುವವರು ಮೂಲ ಅರ್ಜಿ, ಪ್ರಥಮ ವರ್ತಮಾನ ವರದಿ, ಆಸ್ಪತ್ರೆಯ ಬಿಡುಗಡೆ ಪತ್ರ ಮತ್ತು ಈವರೆಗಿನ ದಿನವಹಿ ಆದೇಶಗಳ ಪ್ರತಿಗಳನ್ನು ಜೊತೆಗಿರಿಸಿಕೊಳ್ಳಿ. ವಕೀಲರ ಶುಲ್ಕಕ್ಕೆ ಹೆದರುವವರು ತಾಲೂಕು ಕಾನೂನು ಸೇವಾ ಸಮಿತಿಗೆ ಬರೆದುಕೊಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯವನ್ನು ಕೇಳದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾಯ್ದೆಯಲ್ಲಿದೆ. ಅಪಘಾತದಿಂದಲೇ ಕಾಲು ಕಳೆದುಕೊಂಡವರೂ ಆ ಪಟ್ಟಿಗೆ ಸೇರುತ್ತಾರೆ. ಅಂಗವೈಕಲ್ಯದ ಪ್ರಮಾಣಪತ್ರವನ್ನು ಮೊದಲು ಮಾಡಿಸಿಕೊಳ್ಳಿ.