ಎಲ್ಲರಿಗೂ ಒಂದು ಬೆಂಚು

(ಓದುಗರ ಬಳಗವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)

ಉದ್ಯೋಗದ ನಿಮಿತ್ತ ಕೆಲವು ವರ್ಷ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ಇದ್ದವನು ನಾನು. ಊರಿಗೆ ಬಂದಾಗಲೆಲ್ಲ 'ಅಲ್ಲಿ ಏನೇನು ನೋಡಿದಿರಿ?' ಎಂದು ಕೇಳುವವರು ಬಹಳ. ಅರಮನೆ, ಚಿತ್ರಶಾಲೆ, ಮೊಜಾರ್ಟ್ ಬಾಳಿದ ಮನೆ, ಇವನ್ನೆಲ್ಲ ಮೂರು ದಿನಕ್ಕೆಂದು ಬಂದ ಪ್ರವಾಸಿಯೂ ನೋಡುತ್ತಾನೆ. ಆದರೆ ಪರಊರಿನಲ್ಲಿ ಬಿಡಾರ ಹೂಡಿದವನಿಗೆ ಎದುರಾಗುವ ಮೊದಲ ಪ್ರಶ್ನೆಯೇ ಬೇರೆ: ಭಾನುವಾರ ಮಧ್ಯಾಹ್ನ ಎಲ್ಲಿಗೆ ಹೋಗುವುದು?

ಅಲ್ಲಿ ಭಾನುವಾರ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಇದು ತಿಳಿಯದೆ ಮೊದಲ ಭಾನುವಾರ ಹಾಲಿಲ್ಲದ ಕಾಫಿ ಕುಡಿದೆ. ಪರಿಚಯದವರಿಲ್ಲ, ಭಾಷೆ ಬಾರದು. ಕೋಣೆಯ ನಾಲ್ಕು ಗೋಡೆಗಳನ್ನು ನೋಡಿ ನೋಡಿ ಸಾಕಾಗಿ ಹೊರಗೆ ಹೊರಟೆ. ಆ ಊರು ನನಗೆ ಪರಿಚಯವಾದದ್ದು ಹೀಗೆ, ಕೂರಲು ಒಂದು ಜಾಗ ಹುಡುಕುತ್ತ.

ಮೊದಲು ಸಿಕ್ಕಿದ್ದು ಕಾಫಿಮನೆ. ಅಲ್ಲಿ ಒಂದು ಕಪ್ ಕಾಫಿ ಕೊಂಡು ಎರಡು ಮೂರು ಗಂಟೆ ಕುಳಿತರೂ ಮಾಣಿ 'ಮತ್ತೇನು ಬೇಕು' ಎಂದು ಬಂದು ನಿಲ್ಲುವುದಿಲ್ಲ. ಮರದ ಕೋಲಿಗೆ ಸಿಕ್ಕಿಸಿದ ದಿನಪತ್ರಿಕೆಗಳನ್ನು ಯಾರು ಬೇಕಾದರೂ ಓದಬಹುದು. ತುರ್ಕರು ಬಿಟ್ಟುಹೋದ ಮೂಟೆಗಳಿಂದ 1683ರಲ್ಲಿ ಕಾಫಿ ಬಂತೆಂಬ ಕಥೆಯನ್ನು ಊರವರು ಹೇಳುತ್ತಾರೆ. ಇತಿಹಾಸಕಾರರು ಒಪ್ಪುವುದು, 1685ರಲ್ಲಿ ಕಾಫಿ ಮಾರುವ ಅಪ್ಪಣೆ ಪಡೆದ ಆರ್ಮೇನಿಯಾ ಮೂಲದ ಯೋಹಾನೆಸ್ ಡಿಯೊಡಾಟೊ ಎಂಬ ವ್ಯಾಪಾರಿಯನ್ನು. ಅಂದರೆ ವಿಯೆನ್ನಾದವರು ತಮ್ಮದೇ ಎಂದು ಹೆಮ್ಮೆಪಡುವ ಈ ಸಂಪ್ರದಾಯವನ್ನು ತಂದುಕೊಟ್ಟವನು ನನ್ನಂತೆಯೇ ಒಬ್ಬ ಪರಊರಿನವನು!

ಕಾಫಿಯ ಜೊತೆ ಚಿಕ್ಕ ತಟ್ಟೆಯಲ್ಲಿ ಒಂದು ಲೋಟ ನೀರೂ ಬರುತ್ತದೆ. ಅದು ನಲ್ಲಿಯ ನೀರು. ಅದರ ಹಿಂದೆಯೂ ಒಂದು ಚರಿತ್ರೆಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕೊಳೆತ ಬಾವಿಗಳ ನೀರು ಕುಡಿದು ಜನ ವಿಷಮಶೀತ ಜ್ವರದಿಂದ ಸಾಯುತ್ತಿದ್ದರು. ಎಡ್ವರ್ಡ್ ಸೂಸ್ ಎಂಬ ಭೂವಿಜ್ಞಾನಿ ನಗರಸಭೆಯೊಳಗೆ ವಾದ ಮಾಡಿ, ಆಲ್ಪ್ಸ್ ಬೆಟ್ಟದ ಚಿಲುಮೆಗಳಿಂದಲೇ ನೀರು ತರಬೇಕೆಂದು ಒಪ್ಪಿಸಿದ. 1873ರಲ್ಲಿ ಆ ನೀರು ಊರು ತಲುಪಿತು. ಸುಮಾರು 95 ಕಿಲೋಮೀಟರ್ ದೂರವನ್ನು ಅದು ಪಂಪಿನ ನೆರವಿಲ್ಲದೆ, ಬರಿಯ ಇಳಿಜಾರಿನಿಂದಲೇ ಹರಿದು ಬರುತ್ತದೆ. ಪ್ರಾಚೀನ ಭೂಖಂಡಕ್ಕೆ ನಮ್ಮ ಮಧ್ಯಭಾರತದ ಗೊಂಡರ ನಾಡಿನ ಹೆಸರು ಹಿಡಿದು 'ಗೊಂಡ್ವಾನಾ' ಎಂದು ಕರೆದವನೂ ಇದೇ ಸೂಸ್. ಶಾಲೆಯ ಭೂಗೋಳದ ಪಾಠದಲ್ಲಿ ಕಂಡ ಮನುಷ್ಯ ನನ್ನ ನೀರಿನ ಲೋಟದಲ್ಲಿ ಸಿಕ್ಕಿದ್ದು ಹೀಗೆ.

ಇನ್ನೊಂದು ಜಾಗ ಸಂಗೀತನಾಟಕಗಳ ರಂಗಮಂದಿರ. ದುಬಾರಿ ಟಿಕೆಟ್ಟು ನಮ್ಮಂಥವರಿಗೆಲ್ಲಿ ಎಂದುಕೊಂಡಿದ್ದೆ. ಆದರೆ ಅಲ್ಲಿ ಕಡಿಮೆ ದರದಲ್ಲಿ ನಿಂತು ನೋಡುವ ಜಾಗವೂ ಇದೆ. ನಿಂತವರು ತಮ್ಮ ಕಂಬಳಿಶಾಲನ್ನು ಮುಂದಿನ ಕಂಬಿಗೆ ಕಟ್ಟಿ ಹೊರಗೆ ಅಡ್ಡಾಡಿ ಬರುತ್ತಾರೆ. ಆ ಜಾಗವನ್ನು ಬೇರೆಯವರು ಮುಟ್ಟುವುದಿಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬೆಳೆದ ನನಗೆ ಆ ಕ್ಷಣ ತವರಿಗೆ ಬಂದಂತೆ ಆಯಿತು.

ಇನ್ನು ಉದ್ಯಾನಗಳ ಮಾತು. ಊರಿನ ಪೂರ್ವಕ್ಕಿರುವ ಪ್ರಾಟರ್ ಎಂಬ ವಿಶಾಲ ವನ ಹಿಂದೆ ಚಕ್ರವರ್ತಿಗಳ ಬೇಟೆಯ ಕಾಡು. 1766ರಲ್ಲಿ ಎರಡನೆಯ ಜೋಸೆಫ್ ಅದನ್ನು ಸಾರ್ವಜನಿಕರಿಗೆ ತೆರೆದ. 1897ರ ರಾಟೆತೊಟ್ಟಿಲು ಇಂದಿಗೂ ಅಲ್ಲಿ ತಿರುಗುತ್ತಿದೆ. ಆ ವನದ ಮರಗಳ ಸಾಲಿನ ನೇರ ಹಾದಿಯಲ್ಲಿಯೇ 2019ರಲ್ಲಿ ಕೆನ್ಯಾದ ಎಲಿಯುಡ್ ಕಿಪ್ಚೋಗೆ ಮ್ಯಾರಥಾನ್ ದೂರವನ್ನು ಎರಡು ಗಂಟೆಯೊಳಗೆ ಓಡಿ ಮುಗಿಸಿದ. 1775ರಲ್ಲಿ ಅದೇ ಜೋಸೆಫ್ ಆವ್‌ಗಾರ್ಟನ್ ಎಂಬ ಅರಮನೆಯ ತೋಟವನ್ನೂ ತೆರೆದ. ಇದು ಎಲ್ಲ ಮನುಷ್ಯರ ಸಂತೋಷಕ್ಕೆಂದು ಅರ್ಪಿಸಿದ ಜಾಗ ಎಂಬರ್ಥದ ಬರಹ ಅದರ ಹೆಬ್ಬಾಗಿಲ ಮೇಲಿದೆ. ಸಾಮಾನ್ಯರ ಗದ್ದಲದಲ್ಲಿ ತಮ್ಮ ಸಮಾನರೊಡನೆ ಅಡ್ಡಾಡಲು ಆಗುವುದಿಲ್ಲವೆಂದು ಶ್ರೀಮಂತರು ದೂರಿದರಂತೆ. ನಾನು ನನ್ನ ಸಮಾನರೊಡನೆಯೇ ಇರಬೇಕೆಂದರೆ ರಾಜವಂಶದ ಸಮಾಧಿಗಳ ನೆಲಮಾಳಿಗೆಗೆ ಹೋಗಬೇಕಾದೀತು ಎಂದು ಜೋಸೆಫ್ ಉತ್ತರಿಸಿದ ಎಂಬ ಐತಿಹ್ಯವಿದೆ.

'ಎಲ್ಲ ಮನುಷ್ಯರ' ಎಂಬ ಮಾತನ್ನು ದಯವಿಟ್ಟು ಗಮನಿಸಿ. ಆವ್‌ಗಾರ್ಟನ್ ಇರುವ ಲಿಯೊಪೋಲ್ಡ್‌ಸ್ಟಾಟ್ ಬಡಾವಣೆಯಲ್ಲಿ ಯಹೂದಿಗಳು ದೊಡ್ಡ ಸಂಖ್ಯೆಯಲ್ಲಿದ್ದರು. 1938ರ ಮಾರ್ಚಿನಲ್ಲಿ ಹಿಟ್ಲರನ ಸೇನೆ ಊರನ್ನು ಹೊಕ್ಕಿತು. ಅದೇ ವರ್ಷ ಯಹೂದಿಗಳಿಗೆ ಉದ್ಯಾನಗಳ ಪ್ರವೇಶ ನಿಷಿದ್ಧವಾಯಿತು. ಬೆಂಚಿನ ಮೇಲೆ ಕೂರುವುದೂ ಅಪರಾಧವಾಯಿತು. ಬೆಂಚಿನಿಂದ ಎಬ್ಬಿಸಿದವರನ್ನು ಮುಂದೆ ಮನೆಯಿಂದ ಎಬ್ಬಿಸಿದರು, ಕೊನೆಗೆ ರೈಲಿಗೆ ಹತ್ತಿಸಿದರು. ಹಾಗೆ ಪ್ರಾಣ ಕಳೆದುಕೊಂಡ ಆಸ್ಟ್ರಿಯಾದ ಯಹೂದಿಗಳ 64,000ಕ್ಕೂ ಹೆಚ್ಚು ಹೆಸರುಗಳನ್ನು ಕೆತ್ತಿದ ಕಲ್ಲಿನ ಗೋಡೆಗಳನ್ನು 2021ರಲ್ಲಿ ಒಂದು ಉದ್ಯಾನದಲ್ಲಿಯೇ ನಿಲ್ಲಿಸಿದ್ದಾರೆ. ಆವ್‌ಗಾರ್ಟನ್ನಿನ ನಡುವೆ ಯುದ್ಧದ ಕೊನೆಯಲ್ಲಿ ಕಟ್ಟಿದ, ಸುಮಾರು 50 ಮೀಟರ್ ಎತ್ತರದ ಎರಡು ಕಾಂಕ್ರೀಟ್ ಗೋಪುರಗಳಿವೆ. ಅವು ವಿಮಾನಗಳನ್ನು ಹೊಡೆದುರುಳಿಸಲು ಕಟ್ಟಿದವು. ಕೆಡವಲಾಗದಷ್ಟು ಗಟ್ಟಿಯಾದ ಅವುಗಳ ನೆರಳಿನಲ್ಲೇ ಮಕ್ಕಳು ಚೆಂಡಾಡುತ್ತಾರೆ. ಈ ಸಂಗತಿಗಳು ತಿಳಿದ ಮೇಲೆ ಅಲ್ಲಿನ ಬೆಂಚು ನನಗೆ ಬರಿಯ ಮರದ ಹಲಗೆಯಾಗಿ ಉಳಿಯಲಿಲ್ಲ.

ಕೊನೆಯದಾಗಿ ಡ್ಯಾನ್ಯೂಬ್ ದ್ವೀಪ. ಇದು ನಿಸರ್ಗ ಕೊಟ್ಟದ್ದಲ್ಲ. 1954ರಲ್ಲಿ ನದಿ ಉಕ್ಕಿ ಹಾನಿಯಾದ ಬಳಿಕ, ನೆರೆಯ ನೀರಿಗೆಂದೇ ಪಕ್ಕದಲ್ಲಿ ಇನ್ನೊಂದು ಕಾಲುವೆ ತೋಡಬೇಕೆಂದು ನಗರ ನಿರ್ಧರಿಸಿತು. 1972ರಿಂದ 1988ರವರೆಗೆ ಕೆಲಸ ನಡೆಯಿತು. ಅಗೆದ ಮಣ್ಣನ್ನು ನಡುವೆ ಪೇರಿಸಿದಾಗ 21 ಕಿಲೋಮೀಟರ್ ಉದ್ದದ ದ್ವೀಪವೇ ಎದ್ದಿತು. ನೆರೆ ಬಂದಾಗ ಕಾಲುವೆಯ ಒಡ್ಡು ತೆರೆಯುತ್ತಾರೆ. ಉಳಿದ ದಿನಗಳಲ್ಲಿ ನಿಂತ ನೀರಿನಲ್ಲಿ ಜನ ಈಜುತ್ತಾರೆ. ಪ್ರವೇಶಕ್ಕೆ ಹಣವಿಲ್ಲ. ಬೇಸಿಗೆಯ ಸಂಜೆ ಅಲ್ಲಿ ಟರ್ಕಿ, ಸರ್ಬಿಯಾ ಮೂಲದ ಸಂಸಾರಗಳು ಕೆಂಡದ ಒಲೆಯ ಸುತ್ತ ಕುಳಿತಿರುತ್ತವೆ. ನಾನು ಚಿತ್ರಾನ್ನದ ಡಬ್ಬಿ ಹಿಡಿದು ಹೋಗುತ್ತಿದ್ದೆ.

ಒಂದು ಸಂಜೆ ಬೆಂಚಿನಲ್ಲಿ ಒಬ್ಬ ಅಜ್ಜಿ ಕುಳಿತಿದ್ದರು. ನಾನು ಕಲಿತ ಮೊದಲ ಜರ್ಮನ್ ವಾಕ್ಯವನ್ನು ತಡವರಿಸುತ್ತ ಕೇಳಿದೆ: 'ಇಸ್ಟ್ ಹಿಯರ್ ನೋಖ್ ಫ್ರೈ?' ಇಲ್ಲಿ ಇನ್ನೂ ಜಾಗವಿದೆಯೇ ಎಂದರ್ಥ. ಅಜ್ಜಿ ಚೀಲವನ್ನು ತಮ್ಮತ್ತ ಎಳೆದುಕೊಂಡು 'ಬಿಟ್ಟೆ' ಎಂದರು. ದಯವಿಟ್ಟು ಕೂತುಕೊಳ್ಳಿ ಎಂಬುದಕ್ಕೆ ಜರ್ಮನ್ನಿನಲ್ಲಿ ಇರುವ ಮಾತು ಅದು. ಆದರೆ ನನ್ನ ಕನ್ನಡದ ಕಿವಿಗೆ ಕೇಳಿಸಿದ್ದು, 'ನಿನಗೆ ಜಾಗ ಬಿಟ್ಟೆ' ಎಂದೇ. ಇನ್ನು, 'ಫ್ರೈ' ಎಂದರೆ ಖಾಲಿ ಎಂದೂ ಹೌದು, ಸ್ವತಂತ್ರ ಎಂದೂ ಹೌದು.

ಗೆಳೆಯರೆ, ನಮ್ಮೂರ ಅರಳಿಕಟ್ಟೆಯನ್ನು ನೆನೆದು ನಾವು ಭಾವುಕರಾಗುತ್ತೇವೆ. ಆದರೆ ಆ ಕಟ್ಟೆಯ ಮೇಲೆ ಎಲ್ಲರೂ ಕೂರುವಂತಿರಲಿಲ್ಲ. ದೂರ ನಿಂತವರೂ ಇದ್ದರು. ಇದನ್ನು ನಾನು ಸ್ಪಷ್ಟವಾಗಿ ಕಂಡದ್ದು ಸಾವಿರಾರು ಮೈಲಿ ದೂರದ ಒಂದು ಬೆಂಚಿನ ಮೇಲೆ ಕುಳಿತಾಗ. ಹೆಬ್ಬಾಗಿಲ ಮೇಲೆ 'ಎಲ್ಲ ಮನುಷ್ಯರಿಗೆ' ಎಂದು ಒಮ್ಮೆ ಕೆತ್ತಿದರೆ ಸಾಲದು ಎಂಬುದನ್ನು ವಿಯೆನ್ನಾದ ಚರಿತ್ರೆಯೇ ಹೇಳುತ್ತದೆ. ಅಜ್ಜಿ ಚೀಲ ಸರಿಸಿದಂತೆ, ಕುಳಿತವರು ದಿನವೂ ಸ್ವಲ್ಪ ಸರಿಯಬೇಕಾಗುತ್ತದೆ.